ಹಳೆಯ ಓಮ್ನಿ: ಯಾವ ರಿಪೇರಿ ಮೊದಲು?

ಮಾರುತಿ ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿತು. ಆದರೂ ಅನೇಕ ಮನೆಗಳಲ್ಲಿ ಅದು ಇಂದಿಗೂ ಓಡುತ್ತಿದೆ. ಮಕ್ಕಳನ್ನು ಶಾಲೆಗೆ ಬಿಡಲು, ಅಂಗಡಿಗೆ ಸಾಮಾನು ತರಲು, ಮನೆಮಂದಿಯೆಲ್ಲ ಮದುವೆಗೆ ಹೋಗಲು ಅದೇ ಬೇಕು. ಇಂತಹ ವಾಹನವನ್ನು ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಹತ್ತು ಕೆಲಸಗಳ ಪಟ್ಟಿ ಹೇಳುತ್ತಾರೆ. ನಿಮ್ಮ ಕೈಯಲ್ಲಿರುವ ಹಣ ಎರಡಕ್ಕೆ ಮಾತ್ರ ಸಾಲುತ್ತದೆ. ಯಾವ ಎರಡು? ಹೆಚ್ಚಿನವರು ಸದ್ದು ಮಾಡುವುದನ್ನು ಮೊದಲು ಸರಿಪಡಿಸುತ್ತಾರೆ. ಆದರೆ ಸದ್ದಿಲ್ಲದ ದೋಷವೇ ಹಲವು ಸಲ ಹೆಚ್ಚು ಅಪಾಯಕಾರಿ.

ಮೊದಲು ಪ್ರಾಣ

ಬ್ರೇಕ್ ದೋಷ, ಪೆಟ್ರೋಲ್ ಅಥವಾ ಗ್ಯಾಸ್ ಸೋರಿಕೆ ಇದ್ದರೆ ಒಂದು ದಿನವೂ ಕಾಯಬೇಡಿ. ಅದೇ ಸಾಲಿಗೆ ಸೇರಬೇಕಾದದ್ದು ವಾಹನದೊಳಗೆ ನುಗ್ಗುವ ಹೊಗೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಲ್ಲಿ ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ ಸುಟ್ಟರೆ ಅಥವಾ ಪೈಪ್ ಬಿರುಕು ಬಿಟ್ಟರೆ ಹೊಗೆ ಒಳಗೆ ಬರಬಹುದು. ಹಿಂದಿನ ಬಾಗಿಲಿನ ರಬ್ಬರ್ ಹರಿದಿದ್ದರೂ, ಸಾಮಾನು ತುಂಬಿ ಬಾಗಿಲನ್ನು ಅರೆತೆರೆದು ಓಡಿಸಿದರೂ ಇದೇ ಅಪಾಯ.

ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಸೇರಬೇಕಾದ ಜಾಗವನ್ನು ಅದು ಆಕ್ರಮಿಸುತ್ತದೆ. ತಲೆನೋವು, ವಾಂತಿ, ತಲೆಸುತ್ತು, ನಿದ್ದೆಯ ಮಂಪರು ಇದರ ಲಕ್ಷಣಗಳು. ಘಾಟಿಯಲ್ಲಿ ಮಗು ವಾಂತಿ ಮಾಡಿದರೆ ಪ್ರಯಾಣದಿಂದಾಯಿತೆಂದು ನಾವು ಸುಮ್ಮನಾಗುತ್ತೇವೆ. ಆದರೆ ಒಳಗಿದ್ದ ಎಲ್ಲರಿಗೂ ತಲೆ ಭಾರವಾಗಿ, ಹೊರಗಿಳಿದಾಗ ಹಗುರವಾದರೆ ಸಂಶಯಪಡಿ. ಕೂಡಲೇ ಬಾಗಿಲು ತೆರೆದು ಎಲ್ಲರನ್ನೂ ಇಳಿಸಿ, ವೈದ್ಯರಿಗೆ ತೋರಿಸಿ. ಸರಿಯಾಗುವ ತನಕ ವಾಹನ ಓಡಿಸಬೇಡಿ. ಎಂಜಿನ್ ಚಾಲೂ ಇಟ್ಟು ಮಕ್ಕಳನ್ನು ಒಳಗೆ ಮಲಗಿಸುವ ಅಭ್ಯಾಸವನ್ನೂ ಬಿಟ್ಟುಬಿಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುವುದು, ಪೈಪಿನ ಜೋಡಣೆಯಲ್ಲಿ ಕಪ್ಪು ಮಸಿ ಕಾಣುವುದು ಸೋರಿಕೆಯ ಗುರುತುಗಳು. ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ಸಾಮಾನ್ಯವಾಗಿ ಇದು ದೊಡ್ಡ ಖರ್ಚಿನ ಕೆಲಸವಲ್ಲ.

ನಂತರ ಎಂಜಿನ್

ಇಂದಿನ ಸಣ್ಣ ಖರ್ಚನ್ನು ನಾಳೆ ದೊಡ್ಡದಾಗಿಸುವ ದೋಷಗಳಿಗೆ ಎರಡನೆಯ ಸ್ಥಾನ. ಸೋರುವ ಹೋಸ್ ಪೈಪನ್ನು ಬದಲಿಸದೆ ದಿನವೂ ರೇಡಿಯೇಟರಿಗೆ ನೀರು ತುಂಬುತ್ತಾ ಹೋದರೆ ಒಂದು ದಿನ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಆಯಿಲ್ ಮಟ್ಟವನ್ನು ವಾರಕ್ಕೊಮ್ಮೆ ನೀವೇ ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದಕ್ಕೆ ನೀರು ಸೇರಿರಬಹುದು, ಗಾಡಿ ಓಡಿಸಬೇಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಗೊತ್ತಿಲ್ಲದಿದ್ದರೆ ಪರೀಕ್ಷಿಸಲು ಹೇಳಿ.

ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯೆಂದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಕಾಣುವ ಬಿಳಿ ಆವಿ ಸಹಜ. ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಎಂಜಿನ್ನಿನೊಳಗೆ ನೀರು ಸೇರುತ್ತಿರಬಹುದು.

ಇಲ್ಲಿ ಕ್ರಮ ಮುಖ್ಯ. ಪ್ಲಗ್ ಸರಿಯಿಲ್ಲದೆ ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಳುಮಾಡುತ್ತದೆ. ಪ್ಲಗ್ ಬದಲಿಸದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಹೋಗುತ್ತದೆ. ಎಮಿಷನ್ ಟೆಸ್ಟ್ ಹತ್ತಿರವಿದ್ದರೂ, ಹದಿನೈದು ವರ್ಷ ತುಂಬಿ ಆರ್.ಸಿ. ನವೀಕರಣ ಬಂದಿದ್ದರೂ ಪ್ಲಗ್, ಏರ್ ಫಿಲ್ಟರ್‌ಗಳಿಂದಲೇ ಆರಂಭಿಸಿ.

ಕಾಯಬಹುದಾದದ್ದು

ಸೈಲೆನ್ಸರಿನ ಹಿಂತುದಿಯ ಸಣ್ಣ ತೂತಿಗೆ ಸದ್ಯಕ್ಕೆ ವೆಲ್ಡಿಂಗ್ ಸಾಕು. ಬಣ್ಣ, ಸೀಟ್ ಕವರ್, ಸ್ಟೀರಿಯೋ ಎಲ್ಲ ಆಮೇಲೆ.

ಗ್ಯಾರೇಜಿನಲ್ಲಿ ಪಟ್ಟಿಯನ್ನು ಬರೆಸಿಕೊಳ್ಳಿ. ಪ್ರತಿಯೊಂದು ಕೆಲಸಕ್ಕೂ "ಇದನ್ನು ಎರಡು ತಿಂಗಳು ಬಿಟ್ಟರೆ ಏನಾಗುತ್ತದೆ?" ಎಂದು ಕೇಳಿ. ಜನರಿಗೆ ಅಪಾಯವೆಂದರೆ ಇಂದೇ ಮಾಡಿಸಿ, ಎಂಜಿನ್ನಿಗೆ ಅಪಾಯವೆಂದರೆ ಈ ತಿಂಗಳು, ಬರೀ ಕಿರಿಕಿರಿಯೆಂದರೆ ಹಣ ಕೂಡಿದಾಗ. ಒಟ್ಟು ಖರ್ಚು ಗಾಡಿಯ ಬೆಲೆಯನ್ನೇ ಮೀರುವುದಾದರೆ ಅದನ್ನು ಮಾರುವ ಬಗ್ಗೆ ಮನೆಯವರೊಂದಿಗೆ ಕುಳಿತು ಯೋಚಿಸಿ. ಮಾರುವಾಗ ದೋಷವನ್ನು ಕೊಳ್ಳುವವರಿಗೆ ತಿಳಿಸಿಯೇ ಮಾರಿ. ಆ ಗಾಡಿಯಲ್ಲಿ ನಾಳೆ ಕೂರುವುದು ಅವರ ಮಕ್ಕಳು.