ಜೀಪಿಗೆ ಫೋರ್ ವೀಲ್ ಮಾಡಿಸುವ ಮುನ್ನ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಒಕ್ಕೂಟದ ಘಟ್ಟದ ಕಡೆಯ ಸಂಘಗಳಲ್ಲಿ ಈ ಮಾತು ಎದ್ದೇ ಏಳುತ್ತದೆ. "ಡಾಕ್ಟ್ರೇ, ನಮ್ಮನೆಯವರು ಜೀಪಿಗೆ ಫೋರ್ ವೀಲ್ ಹಾಕಿಸ್ತಾರಂತೆ. ಮನೆ ಹತ್ರಾನೇ ಬಂದು ಮಾಡ್ಕೊಡ್ತಾರಂತೆ. ಹಾಲಿನ ದುಡ್ಡು ಕೊಡು ಅಂತಿದಾರೆ. ಕೊಡ್ಲಾ, ಬೇಡ್ವಾ?" ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಭಾಗದ ಸದಸ್ಯೆಯರಿಗೆ ಇದು ಹೊಸದಲ್ಲ. ಪಶುವೈದ್ಯರನ್ನು ಕೇಳುವ ಪ್ರಶ್ನೆಯೇ ಇದು ಎಂದು ಬಯಲುಸೀಮೆಯ ಸಹೋದರಿಯರು ನಗಬಹುದು. ಆದರೆ ಆ ದಾರಿಗಳಲ್ಲಿ ರಾತ್ರಿ ಹೊತ್ತು ನಿಮ್ಮದೇ ಜೀಪಿನಲ್ಲಿ ಔಷಧಿ ಚೀಲ ತೊಡೆ ಮೇಲಿಟ್ಟುಕೊಂಡು ಬರುವವರು ನಾವು.

ಪ್ರಶ್ನೆ ಸಣ್ಣದೂ ಅಲ್ಲ. ಬೆಳಿಗ್ಗೆ ಕರೆದ ಹಾಲು ಎರಡು ಮೂರು ಗಂಟೆಯೊಳಗೆ ಬಿ.ಎಂ.ಸಿ. ತಲುಪಿ ತಣ್ಣಗಾಗದಿದ್ದರೆ ಹುಳಿಯಾಗುವ ದಾರಿ ಹಿಡಿಯುತ್ತದೆ. ಬೆದೆಗೆ ಬಂದ ಹಸುವಿಗೆ ಹೊತ್ತಿಗೆ ಸರಿಯಾಗಿ ಕೃತಕ ಗರ್ಭಧಾರಣೆ ಆಗದಿದ್ದರೆ ಮತ್ತೆ 21 ದಿನ ಕಾಯಬೇಕು. ಆ ದಿನಗಳ ಮೇವು, ಹಿಂಡಿ ಎಲ್ಲ ಮೈಮೇಲೆ. ಕರು ಹಾಕಿದ ಹಸು ಹಾಲು ಜ್ವರದಿಂದ ಮಲಗಿ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡರೆ, ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಲು ನಮಗೆ ಸಿಗುವುದು ಕೆಲವೇ ಗಂಟೆ. ಮಣ್ಣು ದಾರಿಯ ಕೊನೆಯ ಅರ್ಧ ಕಿಲೋಮೀಟರು ಇವೆಲ್ಲವನ್ನೂ ಕೆಡಿಸಬಲ್ಲದು. ಹಾಗಾಗಿ ಗಾಡಿಗೆ ಹಾಕುವ ದುಡ್ಡು ದಂಡ ಎಂದು ನಾನು ಹೇಳುವುದಿಲ್ಲ. ಆದರೆ ಅದು ನಿಮ್ಮ ಬಟವಾಡೆಯಿಂದ ಹೋಗುವುದಾದರೆ, ಯಾವುದಕ್ಕೆ ಹೋಗುತ್ತಿದೆ ಎಂಬುದು ನಿಮಗೂ ತಿಳಿದಿರಬೇಕು. 'ಗಾಡಿ ವಿಷಯ ಗಂಡಸರಿಗೆ ಬಿಟ್ಟದ್ದು' ಎಂದು ಸುಮ್ಮನಿದ್ದರೂ, ಪಶು ಆಹಾರದ ಬಾಕಿ ಕಟ್ಟುವ ದಿನ ಲೆಕ್ಕ ನಿಮ್ಮ ಬಳಿಗೇ ಬರುತ್ತದೆ.

ಎರಡು ಚಕ್ರದ ಗಾಡಿ ಯಾಕೆ ಹೂತುಕೊಳ್ಳುತ್ತದೆ?

ನಮ್ಮ ಕಡೆ ಮನೆಗಳಲ್ಲಿರುವ ಹಳೆಯ ಮಹೀಂದ್ರ ಜೀಪುಗಳ ಮೂಲ ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು. 1947ರ ಹೊತ್ತಿಗೆ ಅದನ್ನು ನಮ್ಮ ದೇಶದಲ್ಲಿ ಜೋಡಿಸುವ ಕೆಲಸ ಶುರುವಾಯಿತು. ಆ ಮೂಲ ಜೀಪು ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಕೊಡುವಂಥದ್ದು. ಮುಂದೆ ಟಾರು ರಸ್ತೆಯ ಓಡಾಟಕ್ಕೆಂದು ಹಿಂದಿನ ಎರಡೇ ಚಕ್ರ ಎಳೆಯುವ ಜೀಪುಗಳೂ ಬಂದವು. ಕಮಾಂಡರ್, ಮೇಜರ್ ಎರಡೂ ಬಗೆಯಲ್ಲಿ ಸಿಗುತ್ತಿದ್ದವು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಸುಲಭಕ್ಕೆ ಕಾಣದು. ಬಗ್ಗಿ ಮುಂದಿನ ಚಕ್ರಗಳ ನಡುವೆ ನೋಡಿ. ಬರೀ ಒಂದು ಕಬ್ಬಿಣದ ತೊಲೆ ಇದ್ದರೆ ಟೂ ವೀಲ್. ಹಿಂದಿನಂತೆಯೇ ಮುಂದೂ ತೆಂಗಿನಕಾಯಿಯಂಥ ಉಬ್ಬು ಇರುವ ಹೌಸಿಂಗ್ ಇದ್ದರೆ ಫೋರ್ ವೀಲ್.

ಆ ಉಬ್ಬಿನೊಳಗೆ ಇರುವುದು ಡಿಫರೆನ್ಷಿಯಲ್. ಕಣದಲ್ಲಿ ಸುತ್ತುವ ಜೋಡೆತ್ತು ನೆನಪಿಸಿಕೊಳ್ಳಿ. ಮೇಟಿಯ ಹತ್ತಿರದ ಎತ್ತು ಕಡಿಮೆ ನಡೆಯುತ್ತದೆ, ಹೊರಗಿನದು ಹೆಚ್ಚು ನಡೆಯುತ್ತದೆ. ತಿರುವಿನಲ್ಲಿ ಗಾಡಿಯ ಎರಡು ಚಕ್ರಗಳಿಗೂ ಇದೇ ಸ್ವಾತಂತ್ರ್ಯ ಬೇಕು. ಅದನ್ನು ಕೊಡುವುದು ಡಿಫರೆನ್ಷಿಯಲ್. ಕೆಸರಿನಲ್ಲಿ ಇದೇ ಗುಣ ಶತ್ರುವಾಗುತ್ತದೆ. ಒಂದು ಚಕ್ರ ಜಾರಿ ಸುಮ್ಮನೆ ತಿರುಗತೊಡಗಿದರೆ, ಅದಕ್ಕೆ ಸಿಕ್ಕಷ್ಟೇ ಅಲ್ಪ ಬಲ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಸಿಗುತ್ತದೆ. ಒಂದು ಚಕ್ರ ಕೆಸರು ಹಾರಿಸುತ್ತದೆ, ಮತ್ತೊಂದು ಕದಲುವುದಿಲ್ಲ. ಎಕ್ಸಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ.

ಫೋರ್ ವೀಲ್ ಹಾಕಿದರೆ ಮುಂದಿನ ಜೋಡಿಯೂ ಎಳೆಯುತ್ತದೆ. ಹಿಂದಿನ ಒಂದು ಚಕ್ರ ಜಾರಿದರೂ ಮುಂದಿನವು ಗಾಡಿಯನ್ನು ಮೇಲಕ್ಕೆ ತರುತ್ತವೆ. ಮುಂದೆ ಒಂದು, ಹಿಂದೆ ಒಂದು ಜಾರಿದರೆ ಫೋರ್ ವೀಲ್ ಜೀಪೂ ನಿಂತುಬಿಡುತ್ತದೆ ಎಂಬುದನ್ನು ಮಾತ್ರ ಮಾರುವವರು ಹೇಳುವುದಿಲ್ಲ. ಇನ್ನೊಂದು ಮಾತು: ಬ್ರೇಕು ಎರಡು ಬಗೆಯ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಜಾರುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಫೋರ್ ವೀಲ್ ಜೀಪೂ ಅಷ್ಟೇ ಜಾರುತ್ತದೆ. ಇಳಿಯುವಾಗ ಕಾಪಾಡುವುದು 'ಲೋ' ಲಿವರ್, ಅಂದರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಕ್ಕೆ ಇಳಿಸುವುದು. ನಮ್ಮ ದಾರಿಗಳಿಗೆ ಹತ್ತುವ ಶಕ್ತಿಗಿಂತ ಇದೇ ಹೆಚ್ಚು ಬೆಲೆಬಾಳುವಂಥದ್ದು ಎಂದು ನನ್ನ ಅನಿಸಿಕೆ.

ಮನೆಯಂಗಳದಲ್ಲಿ ನಡೆಯುವ ಕೆಲಸ

ಮುಂದಿನ ಹೌಸಿಂಗ್ ಒಂದನ್ನು ಗುಜರಿಯಿಂದ ತಂದು ಜೋಡಿಸಿದರೆ ಆಯಿತು ಎಂದು ಹಲವರ ಲೆಕ್ಕ. ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ.

ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಬರಬೇಕು. ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಕಳಿಸುವುದು ಅದೇ, 'ಲೋ' ಇರುವುದೂ ಅದರಲ್ಲೇ. ಅದನ್ನು ಕೂರಿಸಿದ ಮೇಲೆ ಹಿಂದಿನ ಶಾಫ್ಟಿನ ಅಳತೆ ಬದಲಾಗುತ್ತದೆ, ಮುಂದಕ್ಕೆ ಹೊಸ ಶಾಫ್ಟು ಬೇಕಾಗುತ್ತದೆ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಶಾಫ್ಟು ಯಾವ ಪಕ್ಕ ಹೊರಡುತ್ತದೋ, ಮುಂದಿನ ಹೌಸಿಂಗಿನ ಉಬ್ಬೂ ಅದೇ ಪಕ್ಕ ಇರಬೇಕು. ಇಲ್ಲದಿದ್ದರೆ ಶಾಫ್ಟು ಎಂಜಿನ್ನಿನ ಅಡಿ ಅಡ್ಡಡ್ಡ ಹಾಯಬೇಕಾಗುತ್ತದೆ.

ಮುಂದಿನ ಚಕ್ರದ ಕಷ್ಟವೇ ಬೇರೆ. ಹಿಂದಿನ ಚಕ್ರ ತಿರುಗಿದರೆ ಸಾಕು. ಮುಂದಿನದು ತಿರುಗುತ್ತಲೇ ಎಡಕ್ಕೂ ಬಲಕ್ಕೂ ಹೊರಳಬೇಕು. ಹಸುವಿನ ಮೊಣಕಾಲಿಗೂ ಚಪ್ಪೆಯ ಕೀಲಿಗೂ ಇರುವ ವ್ಯತ್ಯಾಸದಂತೆ. ಮೊಣಕಾಲು ಒಂದೇ ದಿಕ್ಕಿಗೆ ಮಡಚುತ್ತದೆ, ಚಪ್ಪೆ ಎಲ್ಲ ಕಡೆಗೂ ಆಡುತ್ತದೆ, ಅದಕ್ಕೇ ಜಾರಿ ಬಿದ್ದಾಗ ಹೆಚ್ಚು ಕೆಡುವುದೂ ಅದೇ. ಮುಂದಿನ ಚಕ್ರದ ಜಾಯಿಂಟೂ ಹಾಗೇ. ಅದರ ಸೀಲು ಹರಿದು ಕೆಸರು ನೀರು ಒಳಗೆ ಹೋದರೆ ಗ್ರೀಸ್ ಕೆಟ್ಟು ಜಾಯಿಂಟು ತಿನ್ನುತ್ತದೆ. ಗುಜರಿ ಮಾಲಿನಲ್ಲಿ ಮೊದಲು ನೋಡಬೇಕಾದ ಜಾಗ ಇದು. ಇದರ ಜೊತೆಗೆ ಸ್ಟೇರಿಂಗ್ ರಾಡು, ಸ್ಪ್ರಿಂಗ್ ಪ್ಲೇಟು, ಬ್ರೇಕಿನ ಪೈಪು ಎಲ್ಲ ಹೊಸ ಹೌಸಿಂಗಿಗೆ ಹೊಂದಬೇಕು. ಮೆಕ್ಯಾನಿಕ್ ಮೊದಲು ಹೇಳುವ ಮೊತ್ತದಲ್ಲಿ ಈ ಚಿಲ್ಲರೆ ಕೆಲಸಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಪಟ್ಟಿ ಬರೆಸಿಕೊಳ್ಳಿ, ಗುಜರಿ ಮಾಲಿಗೆ ಬಿಲ್ಲು ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಮತ್ತು ಹಿಂದಿನ ಕ್ರೌನ್-ಪಿನಿಯನ್ ಒಂದೇ ಲೆಕ್ಕದ್ದಾಗಿರಬೇಕು. ಹಿಂದಿನ ಚಕ್ರ ಒಂದು ಸುತ್ತು ಸುತ್ತಲು ಶಾಫ್ಟು 5.38 ಸುತ್ತು, ಮುಂದಿನದಕ್ಕೆ 4.88 ಸುತ್ತು ಎಂದಿಟ್ಟುಕೊಳ್ಳಿ. ಆಗ ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 110 ಮೀಟರ್ ಹೋಗಲು ಎಳೆಯುತ್ತದೆ. ಒಂದೇ ನೊಗಕ್ಕೆ ಮುದಿ ಎತ್ತು, ಹೋರಿ ಎರಡನ್ನೂ ಕಟ್ಟಿದಂತೆ. ಕೆಸರಿನಲ್ಲಿ ಚಕ್ರ ಜಾರಿ ಹೇಗೋ ಸರಿಹೋದೀತು. ಗಟ್ಟಿ ನೆಲದಲ್ಲಿ ಏನಾದರೊಂದು ಮುರಿಯುತ್ತದೆ.

ಇದನ್ನು ಮನೆಯಲ್ಲೇ, ದುಡ್ಡು ಕೊಡುವ ಮೊದಲೇ ಎಣಿಸಿ ನೋಡಬಹುದು. ಜೀಪನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ನಂಬಬೇಡಿ: ಹಳೆ ಜೀಪುಗಳಲ್ಲಿ ಅದು ಶಾಫ್ಟನ್ನು ಹಿಡಿಯುವಂಥದ್ದು, ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಗಾಡಿ ಉರುಳಬಹುದು. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಹೌಸಿಂಗಿನಡಿ ಗಟ್ಟಿ ಮರದ ದಿಮ್ಮಿ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಬಿಡಿ. ಚಕ್ರಕ್ಕೂ ಶಾಫ್ಟಿಗೂ ಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ 2 ಸುತ್ತು ತಿರುಗಿಸಿ; ಶಾಫ್ಟು ಎಷ್ಟು ಸುತ್ತು ಸುತ್ತಿತು ಎಂದು ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಎಣಿಸಲಿ. ಬಂದ ಸಂಖ್ಯೆಯೇ ಹಿಂದಿನ ಲೆಕ್ಕ. ಕೊಳ್ಳಲಿರುವ ಮುಂದಿನ ಹೌಸಿಂಗಿಗೂ ಇದೇ ಪರೀಕ್ಷೆ. ಒಂದು ಕಡೆಯನ್ನು ಅಲುಗದಂತೆ ಹಿಡಿದು ಇನ್ನೊಂದನ್ನು 2 ಸುತ್ತು ತಿರುಗಿಸಿ, ಶಾಫ್ಟು ಸೇರುವ ಜಾಗದ ಸುತ್ತು ಎಣಿಸಿ. ಎರಡೂ ಸಂಖ್ಯೆ ಕೂಡದಿದ್ದರೆ ಆ ಮಾಲು ಬೇಡ. ಟೈರುಗಳೂ ಹಿಂದೆ ಮುಂದೆ ಒಂದೇ ಅಳತೆಯವಾಗಿರಬೇಕು.

ಕೆಲಸ ನಡೆಯುವಾಗ ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರನ್ನೂ ಹೋಗಲು ಬಿಡಬೇಡಿ. ಮಕ್ಕಳು ಅಂಗಳದಲ್ಲೇ ಓಡಾಡುತ್ತಿರುತ್ತಾರೆ.

ಕಾನೂನು ಏನು ಹೇಳುತ್ತದೆ

ಇಲ್ಲಿ ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಆರ್.ಸಿ.ಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಊರಲ್ಲಿ ಯಾರೂ ಹಿಡಿಯುವುದಿಲ್ಲ ಎನ್ನುತ್ತಾರೆ. ಸರಿ, ಅಪಘಾತವಾದ ದಿನ ವಿಮೆಯವರು ಗಾಡಿಯ ಅಡಿಗೆ ಬಗ್ಗಿ ನೋಡುತ್ತಾರೆ. ಆರ್.ಸಿ. ನಿಮ್ಮ ಹೆಸರಿನಲ್ಲಿದ್ದರೆ ಉತ್ತರ ಹೇಳಬೇಕಾದವರು ನೀವೇ.

ಆದರೆ ಒಂದು ಸಂದರ್ಭ ಬೇರೆ. ಮೂಲದಲ್ಲೇ ಫೋರ್ ವೀಲ್ ಆಗಿದ್ದ ಎಷ್ಟೋ ಜೀಪುಗಳಲ್ಲಿ ಡೀಸೆಲ್ ಉಳಿಯಲಿ ಎಂದು ಹಿಂದಿನ ಮಾಲೀಕರು ಮುಂದಿನ ಶಾಫ್ಟು ಬಿಚ್ಚಿಟ್ಟಿರುತ್ತಾರೆ. ಕೆಲವೊಮ್ಮೆ ಅದು ಕೊಟ್ಟಿಗೆಯ ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿರುತ್ತದೆ. ಮುಂದಿನ ಹೌಸಿಂಗ್, ಸೀಟಿನ ಪಕ್ಕ ಹೆಚ್ಚುವರಿ ಲಿವರ್ ಇವೆಯೇ, ಆರ್.ಸಿ. ಮತ್ತು ಕಂಪನಿ ಮಾದರಿ ಏನು ಹೇಳುತ್ತವೆ ನೋಡಿ. ಇದ್ದರೆ ನೀವು ಗಾಡಿಯನ್ನು ಬದಲಿಸುತ್ತಿಲ್ಲ, ಮೊದಲಿದ್ದ ಸ್ಥಿತಿಗೆ ತರುತ್ತಿದ್ದೀರಿ. ಖರ್ಚೂ ಬಹಳ ಕಡಿಮೆ. ನಮ್ಮ ಕಡೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಹಾಗೆ ಸರಿಪಡಿಸಿಕೊಂಡವರು ನೆನಪಿಡಬೇಕಾದ್ದು: ಫೋರ್ ವೀಲ್ ಲಿವರ್ ಕೆಸರಿಗೆ ಇಳಿಯುವ ಮೊದಲೇ ಹಾಕಿ, ಟಾರು ರಸ್ತೆಗೆ ಬಂದ ಕೂಡಲೇ ತೆಗೆಯಿರಿ. ಈ ಹಳೆ ಜೀಪುಗಳಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಒಟ್ಟಿಗೆ ಬಿಗಿಯಾಗುವುದರಿಂದ, ಒಣ ಟಾರಿನ ತಿರುವಿನಲ್ಲಿ ಚಕ್ರಗಳು ಒಂದಕ್ಕೊಂದು ಜಗ್ಗಾಡಿ ಹಲ್ಲು ಮುರಿಯುತ್ತವೆ. ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಇದ್ದರೆ ಅದನ್ನೂ ಮನೆಯಲ್ಲೇ ಹಾಕಿಕೊಂಡು ಹೊರಡಿ. ಮೊಣಕಾಲುದ್ದ ಕೆಸರಿನಲ್ಲಿ ಇಳಿದು ತಿರುಗಿಸುವುದು ಸುಖದ ಕೆಲಸವಲ್ಲ.

ಮೂಲದಲ್ಲೇ ಟೂ ವೀಲ್ ಗಾಡಿ ಇದ್ದರೆ?

ಮೊದಲು ಚೈನು. ಎಳೆಯುವ ಚಕ್ರಗಳಿಗೆ, ಅಂದರೆ ಜೀಪಿಗೆ ಹಿಂದಿನ ಎರಡಕ್ಕೂ, ಟೈರಿನ ಅಳತೆಯ ಚೈನು ಕಟ್ಟಿದರೆ ನಮ್ಮ ಕೆಂಪು ಜೇಡಿಯಲ್ಲಿ ಅದರ ಕೆಲಸ ಕಣ್ಣಿಗೇ ಕಾಣುತ್ತದೆ. ಸ್ವಲ್ಪ ದೂರ ಹೋಗಿ ಇಳಿದು ಮತ್ತೊಮ್ಮೆ ಬಿಗಿ ಮಾಡಿ. ಸಡಿಲ ಚೈನು ಬ್ರೇಕ್ ಪೈಪಿಗೆ ಹೊಡೆಯುತ್ತದೆ. ನಡಿಗೆಯ ವೇಗದಲ್ಲಿ ಹೋಗಿ, ಟಾರಿಗೆ ಬಂದ ಮೇಲೆ ಬಿಚ್ಚಿಡಿ. ಸವೆದ ಟೈರಿಗೆ ಯಾವ ಚೈನೂ ಪೂರ್ತಿ ಪರಿಹಾರವಲ್ಲ, ಆಳದ ಗುಳಿಯಿರುವ ಟೈರು ಬೇಕು.

ಭಾರದ ಲೆಕ್ಕವೂ ಇದೆ. 40 ಲೀಟರ್ ಕ್ಯಾನಿನಲ್ಲಿ ಹಾಲೇ ಸುಮಾರು 41 ಕೆ.ಜಿ. ತೂಗುತ್ತದೆ. ಐದು ಕ್ಯಾನು ಹಿಂದಿದ್ದರೆ ಹಿಂದಿನ ಚಕ್ರ ನೆಲವನ್ನು ಕಚ್ಚಿ ಹಿಡಿಯುತ್ತದೆ. ಖಾಲಿ ಕ್ಯಾನು ಹೊತ್ತು ವಾಪಸು ಹತ್ತುವಾಗಲೇ ಗಾಡಿ ಕೈಕೊಡುವುದು ಅದಕ್ಕೇ. ಎರಡು ಮೂರು ಮರಳು ಚೀಲ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಇಟ್ಟು ಕಟ್ಟಿ. ಆಲ್ಟೋದಂಥ ಕಾರು ಇದ್ದವರಿಗೆ ಲೆಕ್ಕ ತಿರುಗುಮುರುಗು, ಅದರಲ್ಲಿ ಎಳೆಯುವುದು ಮುಂದಿನ ಚಕ್ರ. ಚೈನೂ ಮುಂದಕ್ಕೇ.

ಇನ್ನು ದಾರಿ. ಸಾಮಾನ್ಯವಾಗಿ ಇಡೀ ದಾರಿ ಕೆಟ್ಟಿರುವುದಿಲ್ಲ. ಒಂದು ತಿರುವು, ಒಂದು ಏರು, 30-40 ಹೆಜ್ಜೆ ಜಾಗ. ಅಲ್ಲಿ ಮೇಲಿನಿಂದ ಬರುವ ನೀರನ್ನು ಪಕ್ಕದ ಚರಂಡಿಗೆ ತಿರುಗಿಸಿ, ಚಕ್ರ ಹೋಗುವ ಎರಡು ಗೆರೆಗೆ ಮಾತ್ರ ಜಲ್ಲಿ, ಸಿಮೆಂಟು ಹಾಕಿಸಿದರೆ ನಾಲ್ಕು ಮನೆಯ ಗಾಡಿಯೂ, ಸಂಘದ ಹಾಲಿನ ಗಾಡಿಯೂ, ನಮ್ಮ ಬೈಕೂ ಹತ್ತುತ್ತವೆ. ಒಂದು ಜೀಪಿನ ಅಡಿಗೆ ಹಾಕುವ ದುಡ್ಡನ್ನು ನಾಲ್ಕು ಮನೆಯವರು ಹಂಚಿಕೊಂಡು ನೆಲಕ್ಕೆ ಹಾಕುವುದು ನನಗೆ ಹೆಚ್ಚು ಸರಿ ಎನಿಸುತ್ತದೆ. ಸಂಘದ ಸಭೆಯಲ್ಲಿ ಮಾತಾಡಿ, ಗ್ರಾಮ ಪಂಚಾಯಿತಿಗೆ ಸದಸ್ಯೆಯರೆಲ್ಲ ಸಹಿ ಹಾಕಿ ಅರ್ಜಿ ಕೊಡಿ. ಇದೆಲ್ಲ ಆದಮೇಲೂ ಫೋರ್ ವೀಲ್ ಬೇಕೇ ಬೇಕು ಎನ್ನುವ ಜಾಗದಲ್ಲಿ ಮನೆಯಿದ್ದರೆ, ಇರುವ ಗಾಡಿ ಮಾರಿ, ಆರ್.ಸಿ. ಸರಿಯಿರುವ, ಕಾರ್ಖಾನೆಯಲ್ಲೇ ಫೋರ್ ವೀಲ್ ಆಗಿ ಬಂದ ಹಳೆ ಜೀಪು ಕೊಳ್ಳುವುದು ಮೇಲು.

ಅಲ್ಲಿಯವರೆಗೆ ಮಳೆಯ ದಿನಗಳಲ್ಲಿ ನಮಗೆ ಫೋನ್ ಮಾಡುವಾಗ ಹಸುವಿನ ಲಕ್ಷಣದ ಜೊತೆಗೆ ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಹೇಳಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆಯವರೆಗೆ ಕಾದು ಹೇಳಬೇಡಿ, ಆಗಲೇ ತಿಳಿಸಿದರೆ ಸಂಜೆಗೆ ತಲುಪುವ ಹಾಗೆ ಹೊರಡುತ್ತೇವೆ. ಟಾರ್ಚು ಹಿಡಿದು ಒಬ್ಬರು ಟಾರು ರಸ್ತೆಯ ಕೊನೆಗೆ ಬಂದು ನಿಂತರೆ, ಉಳಿದ ದಾರಿ ನಡೆದೇ ಬರುತ್ತೇವೆ.