ಧ್ರುವಸಮುದ್ರದ ಎರಡು ಬೆಳೆಗಳು

ಉತ್ತರ ಧ್ರುವದ ಸುತ್ತಣ ಸಮುದ್ರವೆಂದೊಡನೆ ಹಿಮ, ಕತ್ತಲೆ, ನಿರ್ಜೀವತೆ ಇವಿಷ್ಟೇ ಜನರ ಮನಸ್ಸಿಗೆ ಬರುವುದು ವಾಡಿಕೆ. ವಸ್ತುಸ್ಥಿತಿಯು ಹಾಗಿಲ್ಲ. ಬೇಸಗೆಯಲ್ಲಿ ಲಕ್ಷಾವಧಿ ಹಕ್ಕಿಗಳನ್ನೂ, ಮೀನು, ಸೀಲು, ತಿಮಿಂಗಿಲಗಳನ್ನೂ ಪೋಷಿಸುವ ಹುಲ್ಲುಗಾವಲೊಂದು ಆ ನೀರಿನಲ್ಲಿಯೂ ಉಂಟು. ಅದರ ಹುಲ್ಲು ಬರಿಗಣ್ಣಿಗೆ ಕಾಣುವುದಿಲ್ಲವೆಂಬುದೊಂದೇ ವಿಶೇಷ. ಸಸ್ಯಪ್ಲವಕಗಳೆಂದು ಶಾಸ್ತ್ರಜ್ಞರು ಕರೆಯುವ, ನೀರಿನಲ್ಲಿ ತೇಲುವ ಏಕಕೋಶ ಸಸ್ಯಗಳೇ ಆ ಹುಲ್ಲು. ಭೂಮಂಡಲದಲ್ಲಿ ಸೂರ್ಯಪ್ರಕಾಶದಿಂದ ಸಿದ್ಧವಾಗುವ ಸಸ್ಯಾಹಾರದಲ್ಲಿ ಸುಮಾರು ಅರ್ಧಪಾಲು ಇಂತಹ ಜಲಸಸ್ಯಗಳದ್ದೆಂದ ಮೇಲೆ ಇವನ್ನು ಅಲ್ಪವೆಂದು ಕಡೆಗಣಿಸುವಂತಿಲ್ಲ.

ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದಲ್ಲಿ ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯನು ಫೆಬ್ರವರಿ ಮಧ್ಯದವರೆಗೂ ಮೂಡುವುದಿಲ್ಲ. ಆ ದೀರ್ಘರಾತ್ರಿಯಲ್ಲಿ ಬಿರುಗಾಳಿಯೂ ಚಳಿಯೂ ಕೂಡಿ ಕಡಲನ್ನು ಕಲಕಿ, ಆಳದಲ್ಲಿರುವ ನೈಟ್ರೇಟು ಮೊದಲಾದ ಗೊಬ್ಬರವನ್ನು ಮೇಲಕ್ಕೆ ತರುತ್ತವೆ. ಗೊಬ್ಬರವಿದೆ, ಬೀಜವಿದೆ, ಬೆಳಕಿಲ್ಲ. ವಸಂತದಲ್ಲಿ ಬೆಳಕು ಮರಳಿದಾಗ ಮೊದಲು ಏಳುವುದು ಹಿಮಹಾಸಿನ ಅಡಿಮೈಗೆ ಅಂಟಿಕೊಂಡು, ಹಿಮವನ್ನು ತೂರಿ ಬರುವ ಮಸುಕು ಬೆಳಕಿನಲ್ಲಿಯೇ ತೃಪ್ತಿಪಡುವ ಕಂದುಬಣ್ಣದ ಪಾಚಿ. ಇದು ಮೊದಲನೆಯ ಬೆಳೆ. ಬಳಿಕ ಹಿಮವು ಕರಗಿ, ಆ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ; ಆ ಪದರದೊಳಗಣ ಪ್ಲವಕಗಳು ಆಳಕ್ಕೆ ಕಲಸಿಹೋಗದೆ ಬೆಳಕಿನಲ್ಲಿಯೇ ಉಳಿದು ಕೆಲವೇ ವಾರಗಳಲ್ಲಿ ನೂರ್ಮಡಿಯಾಗಿ ಹಬ್ಬುತ್ತವೆ. ಕಲಕಾಟದ ಆಳವು ಒಂದು ಮಿತಿಯನ್ನು ಮೀರಿದರೆ ಈ ಬೆಳೆ ಏಳಲಾರದೆಂಬ ವಾದವನ್ನು ನಾರ್ವೆಯ ಹೆರಾಲ್ಡ್ ಸ್ವೆರ್ಡ್ರುಪ್ 1953ರಲ್ಲಿ ಗಣಿತದಿಂದ ಮಂಡಿಸಿದನು. ಅದರ ಮೇಲಣ ಚರ್ಚೆ ಇನ್ನೂ ನಿಂತಿಲ್ಲ. ಮೇಲುನೀರಿನ ಗೊಬ್ಬರ ತೀರಿದೊಡನೆ ಬೆಳೆಯೂ ತೀರಿ, ಉಳಿದದ್ದು ತಳಕ್ಕಿಳಿದು ಅಲ್ಲಿಯ ಪ್ರಾಣಿಗಳಿಗೆ ಆಹಾರವಾಗುತ್ತದೆ.

ಈ ಎರಡು ಬೆಳೆಗಳ ನಡುವಣ ಅಂತರವನ್ನು ನಂಬಿ ಬದುಕುವ ಜೀವಿಯೊಂದಿದೆ. ಕೆಲನಸ್ ಗ್ಲೇಷಿಯಾಲಿಸ್ ಎಂಬ ಅಕ್ಕಿಕಾಳಿನಷ್ಟು ದೊಡ್ಡದೂ ಅಲ್ಲದ ಈ ಸಿಗಡಿಬಂಧುವಿನ ಹೆಣ್ಣು, ಹಿಮದಡಿಯ ಪಾಚಿಯನ್ನುಂಡು ಮೊಟ್ಟೆಯಿಡುತ್ತದೆ. ಮರಿಗಳು ಉಣ್ಣಲು ಸಮರ್ಥವಾಗುವ ವೇಳೆಗೆ ಎರಡನೆಯ ಬೆಳೆ ಸಿದ್ಧವಾಗಿರುತ್ತದೆ. ಸ್ವಾಲ್‌ಬಾರ್ಡಿನ ರೈಪ್‌ಫ್ಯೋರ್ಡನ್ ಕೊಲ್ಲಿಯಲ್ಲಿ 2007ರಲ್ಲಿ ನೋಡಿದಾಗ ಮೊದಲ ಬೆಳೆ ಏಪ್ರಿಲ್ ಕೊನೆಗೂ ಎರಡನೆಯದು ಜುಲೈ ಆರಂಭಕ್ಕೂ ಬಂದಿದ್ದಿತು. ಬೇಸಗೆಯಲ್ಲಿ ಕೊಬ್ಬನ್ನು ಕೂಡಿಸಿಕೊಂಡು ಚಳಿಗಾಲವನ್ನು ಆಳದಲ್ಲಿ ಉಪವಾಸದಿಂದ ಕಳೆಯುವ ಈ ಪ್ರಾಣಿಯ ಕೊಬ್ಬೇ ಅಲ್ಲಿಯ ಮೀನುಗಳಿಗೂ, ಲಿಟಲ್ ಆಕ್ ಎಂಬ ಪುಟ್ಟ ಕಡಲಹಕ್ಕಿಗೂ ಜೀವನಾಧಾರ.

ಆದರೆ ಹಿಮವೇ ಕುಗ್ಗುತ್ತಿದೆ. ಉಪಗ್ರಹಗಳ ಅಳತೆ 1979ರಲ್ಲಿ ಮೊದಲಾದ ತರುವಾಯ 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದದ್ದುಂಟು. 1998ರಿಂದ 2018ರವರೆಗೆ ಉತ್ತರ ಧ್ರುವಸಮುದ್ರದ ಸಸ್ಯೋತ್ಪತ್ತಿ ಶೇಕಡ 57ರಷ್ಟು ಹೆಚ್ಚಿತೆಂದು ಅಮೆರಿಕದ ಸಂಶೋಧಕರು ಲೆಕ್ಕಹಾಕಿದ್ದಾರೆ. ಹಿಮ ಕರಗಿದರೆ ನಷ್ಟವೇನು, ಫಸಲು ಹೆಚ್ಚಿತಲ್ಲವೇ ಎಂದು ಕೇಳುವವರಿದ್ದಾರೆ. ಈ ಸಮಾಧಾನವನ್ನು ನಾವು ಒಪ್ಪಲಾರೆವು. ಕಣಜ ತುಂಬಿದ ಮಾತ್ರಕ್ಕೆ ಉಣ್ಣಬೇಕಾದವನು ಊಟದ ಹೊತ್ತಿಗೆ ಬಂದನೆಂದಾಗಲಿಲ್ಲ. ಹಿಮವು ಬೇಗನೆ ಒಡೆದರೆ ಎರಡನೆಯ ಬೆಳೆ ಮೊದಲನೆಯದರ ಬೆನ್ನಿಗೇ ಬಂದು, ಮರಿಗಳು ಬಾಯಿತೆರೆಯುವ ಮೊದಲೇ ಮುಗಿಯಬಹುದು. ಅಟ್ಲಾಂಟಿಕಿನ ಬೆಚ್ಚನೆಯ ನೀರಿನೊಡನೆ ಬರುವ ಇನ್ನೊಂದು ಕೆಲನಸ್ ಜಾತಿಯು ಚಿಕ್ಕದು, ಕೊಬ್ಬೂ ಕಡಮೆ. ಅದನ್ನೇ ನೆಚ್ಚಬೇಕಾದ ಹಕ್ಕಿ ತನ್ನ ಮರಿಯ ಹೊಟ್ಟೆ ತುಂಬಿಸಲು ಹೆಚ್ಚು ದುಡಿಯಬೇಕು.

ಉಪಗ್ರಹದ ಲೆಕ್ಕವೂ ಪೂರ್ಣವಲ್ಲ. 2011ರ ಜುಲೈಯಲ್ಲಿ ಅಲಾಸ್ಕದ ಬಳಿಯ ಚುಕ್ಚಿ ಸಮುದ್ರದಲ್ಲಿ ಹಿಮವನ್ನು ಸೀಳಿಕೊಂಡು ಹೋದ ಹಡಗಿನವರು, ಹಿಮದ ಕೆಳಗೇ ದಟ್ಟವಾದ ಪ್ಲವಕದ ಬೆಳೆಯನ್ನು ಕಂಡು ಬೆರಗಾದರು. ಹಿಮದ ಮೇಲೆ ನಿಂತ ಕರಗುನೀರಿನ ಹೊಂಡಗಳೇ ಬೆಳಕಿಗೆ ಗವಾಕ್ಷಿಗಳಾಗಿದ್ದವು! ಮೇಲಿನಿಂದ ನೋಡುವ ಯಂತ್ರಕ್ಕೆ ಅದು ಕಾಣುವಂತಿರಲಿಲ್ಲ.

ಈ ಕಾರಣದಿಂದಲೇ ನೀರಿನೊಳಗಿದ್ದು ವರ್ಷಪೂರ್ತಿ ಅಳೆಯುವ ಉಪಕರಣಗಳಿಗೆ ಬೆಲೆ. ಸ್ವಾಲ್‌ಬಾರ್ಡಿನ ನ್ಯೂ-ಓಲೆಸುಂಡಿನಲ್ಲಿ ನಮ್ಮ ದೇಶದ ಹಿಮಾದ್ರಿ ಠಾಣೆಯು 2008ರಲ್ಲಿ ತೆರೆಯಿತು. ಅಲ್ಲಿಯ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯೊಳಗೆ, ಉಷ್ಣತೆ ಲವಣಾಂಶಗಳನ್ನು ಅಳೆಯುವ ಇಂಡಾರ್ಕ್ ಎಂಬ ಉಪಕರಣಮಾಲೆಯನ್ನು ಭಾರತೀಯ ವಿಜ್ಞಾನಿಗಳು 2014ರಲ್ಲಿ ಇಳಿಸಿದರು. ಚಳಿಗಾಲದ ಮೊದಲ ಭಾರತೀಯ ತಂಡವು ಅಲ್ಲಿಗೆ ಹೊರಟದ್ದು 2023ರ ಡಿಸೆಂಬರಿನಲ್ಲಿ, ಸೂರ್ಯನಿಲ್ಲದ ತಿಂಗಳುಗಳ ನಡುವೆ.