ಬೆಂಗಳೂರಿನ ಅಂಚು ಯಾರ ಪರ?

2024ರ ಜೂನ್ 4ರಂದು ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ಬಿಜೆಪಿಯ ಪಿ.ಸಿ. ಮೋಹನ್ 32,707 ಮತಗಳಿಂದ ಗೆದ್ದಿದ್ದರು. ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ನಗರದ ಅಂಚಿನ ಮಹದೇವಪುರವೊಂದೇ ಅವರಿಗೆ 1,14,046 ಮತಗಳ ಮುನ್ನಡೆ ಕೊಟ್ಟಿತ್ತು. ಉಳಿದ ಏಳನ್ನು ಕೂಡಿಸಿ ನೋಡಿದರೆ ಅವರು ಹಿಂದಿದ್ದರು. ಮರುವರ್ಷ ಮಹದೇವಪುರದ ಮತದಾರರ ಪಟ್ಟಿಯಲ್ಲಿ ಅಕ್ರಮವಿದೆ ಎಂದು ರಾಹುಲ್ ಗಾಂಧಿ ಆರೋಪ ಮಾಡಿದರು, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಆ ವಾದ ಇಲ್ಲಿ ಬೇಡ. ನಗರದ ಅಂಚೊಂದು ಸಂಸದರನ್ನು ಆರಿಸುವಷ್ಟು ದೊಡ್ಡದಾದದ್ದು ಹೇಗೆ, ಅಲ್ಲಿನ ಒಲವು ರೂಪುಗೊಂಡದ್ದು ಹೇಗೆ ಎಂಬುದಷ್ಟೇ ಈಗಿನ ಪ್ರಶ್ನೆ.

2008ಕ್ಕೆ ಮೊದಲು ಮಹದೇವಪುರ ಎಂಬ ವಿಧಾನಸಭಾ ಕ್ಷೇತ್ರವೇ ಇರಲಿಲ್ಲ. ಪೂರ್ವಕ್ಕೆ ವರ್ತೂರು, ದಕ್ಷಿಣಕ್ಕೆ ಉತ್ತರಹಳ್ಳಿ ಎಂಬ ಭಾರೀ ಕ್ಷೇತ್ರಗಳಿದ್ದವು. ಹೊಲಗಳು ಬಡಾವಣೆಗಳಾದವು, ವೈಟ್‌ಫೀಲ್ಡ್ ಕಡೆ ಐಟಿ ಪಾರ್ಕ್ ಬಂತು, ಪೀಣ್ಯ ಮತ್ತು ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದಿಂದಲೂ ಹೊರ ರಾಜ್ಯಗಳಿಂದಲೂ ಜನ ಬಂದು ನೆಲೆಸಿದರು. 2001ರ ಜನಗಣತಿಯ ಆಧಾರದಲ್ಲಿ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ಬೆಂಗಳೂರಿನ ಪಾಲಿಗೆ 28 ಸ್ಥಾನಗಳು ಬಂದವು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ (ಬಿಬಿಎಂಪಿ) ಸೇರಿದವು.

ಆ 110 ಹಳ್ಳಿಗಳ ಕಥೆಯಲ್ಲೇ ಅಂಚಿನ ರಾಜಕೀಯದ ಬೇರಿದೆ ಎಂದು ನನಗನ್ನಿಸುತ್ತದೆ. ಅಲ್ಲಿಯವರೆಗೆ ಊರವರು ಗ್ರಾಮ ಪಂಚಾಯಿತಿ ಸದಸ್ಯನನ್ನು ಹೆಸರು ಹಿಡಿದು ಕರೆಯಬಲ್ಲವರಾಗಿದ್ದರು. ಚರಂಡಿ ಕಟ್ಟಿಕೊಂಡರೆ ಅವನ ಮನೆ ಬಾಗಿಲಿಗೆ ಹೋಗಿ ಕೇಳುತ್ತಿದ್ದರು. ಪಂಚಾಯಿತಿ ಹೋಯಿತು, ಆದರೆ ನಗರದ ಸೌಲಭ್ಯ ಅದರ ಹಿಂದೆಯೇ ಬರಲಿಲ್ಲ. ಈ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಹೆಚ್ಚಾಗಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ ಕಳೆದವು. ಬಡಾವಣೆಯ ಅನುಮೋದನೆಯಿಲ್ಲದ ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿದವರ ಕೈಗೆ ಪೂರ್ಣ ಮಾನ್ಯತೆಯಿಲ್ಲದ ಬಿ ಖಾತಾ ಬಂತು, ಬ್ಯಾಂಕ್ ಸಾಲಕ್ಕೆ ಅದು ತೊಡಕಾಯಿತು. ಇಂಥ ಕಡೆ ಟ್ಯಾಂಕರ್ ಕಳುಹಿಸಬಲ್ಲ, ಖಾತಾ ಮಾಡಿಸಿಕೊಡಬಲ್ಲ, ರಾತ್ರಿ ಫೋನ್ ಎತ್ತುವ ಮನುಷ್ಯನೇ ನಾಯಕನಾಗುತ್ತಾನೆ.

2019–20 ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಕೆ.ಆರ್. ಪುರದ ಬೈರತಿ ಬಸವರಾಜ, ಯಶವಂತಪುರದ ಎಸ್.ಟಿ. ಸೋಮಶೇಖರ್, ರಾಜರಾಜೇಶ್ವರಿನಗರದ ಮುನಿರತ್ನ ಮೂವರೂ 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು. ಪಕ್ಷ ಬಿಟ್ಟು ಬಿಜೆಪಿ ಸೇರಿ ಉಪಚುನಾವಣೆಗಳಲ್ಲಿ ನಿಂತರು, ಮೂವರೂ ಗೆದ್ದರು. 2023ರಲ್ಲಿ ಮತ್ತೆ ಗೆದ್ದರು. ಚಿಹ್ನೆ ಬದಲಾಯಿತು, ಶಾಸಕ ಬದಲಾಗಲಿಲ್ಲ. ಬ್ಯಾಟರಾಯನಪುರದಲ್ಲಿ ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡ 2008ರಿಂದ ನಾಲ್ಕು ಬಾರಿ ಗೆದ್ದಿದ್ದಾರೆ. ಅದೇ ವ್ಯಕ್ತಿ 2019ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ನಿಂತಾಗ ಸದಾನಂದ ಗೌಡರ ಎದುರು ಸೋತರು. ದಾಸರಹಳ್ಳಿ 2018ರಲ್ಲಿ ಜೆಡಿಎಸ್‌ಗೆ ಒಲಿದು, 2023ರಲ್ಲಿ ಬಿಜೆಪಿಗೆ ಮರಳಿತು.

ಮಹದೇವಪುರ ಮಾತ್ರ ಅಲುಗಲಿಲ್ಲ. ಪರಿಶಿಷ್ಟ ಜಾತಿಗೆ ಮೀಸಲಾದ ಈ ಕ್ಷೇತ್ರದಲ್ಲಿ ಅರವಿಂದ ಲಿಂಬಾವಳಿ ಮೂರು ಸಲ, 2023ರಲ್ಲಿ ಅವರ ಪತ್ನಿ ಮಂಜುಳಾ ಗೆದ್ದರು. ಅಪಾರ್ಟ್‌ಮೆಂಟಿನವರು ಬಿಜೆಪಿ, ಹಳ್ಳಿಯವರು ಕಾಂಗ್ರೆಸ್ ಎಂಬ ಸುಲಭ ಸೂತ್ರ ಇಲ್ಲಿಗೆ ಸಾಲದು. ಹಳೆಯ ಊರಿನ ನಂಟು, ಜಾತಿ, ಕಾರ್ಯಕರ್ತರ ಜಾಲ ಒಂದು ಕಡೆ. ದೆಹಲಿಯ ನಾಯಕತ್ವ ನೋಡಿ ಮತ ಹಾಕುವ ಹೊಸ ನಿವಾಸಿಗಳು ಇನ್ನೊಂದು ಕಡೆ. ಎರಡೂ ಒಂದೇ ಚಿಹ್ನೆಯತ್ತ ಹರಿದಾಗ ಲಕ್ಷ ದಾಟುವ ಮುನ್ನಡೆ ಬರುತ್ತದೆ. ಬ್ಯಾಟರಾಯನಪುರದ ವಿಧಾನಸಭಾ ಚುನಾವಣೆಗಳಲ್ಲಿ ಅವು ಕೂಡಲಿಲ್ಲ.

ಮತಗಟ್ಟೆಗೆ ಬಾರದವರ ಸಂಖ್ಯೆಯೂ ಸಣ್ಣದಲ್ಲ. 2024ರಲ್ಲಿ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳಲ್ಲಿ ಮತದಾನ ಶೇ 55 ಮುಟ್ಟಲಿಲ್ಲ. ಅದೇ ದಿನ ಮಂಡ್ಯ ಶೇ 80 ದಾಟಿತ್ತು. ಇದನ್ನು ಸೋಮಾರಿತನ ಎಂದು ಬೈಯುವುದು ಅನ್ಯಾಯ. ಬಾಡಿಗೆ ಮನೆ ಬದಲಾಯಿಸಿದವರ ಹೆಸರು ಹಳೆಯ ಬೂತಿನಲ್ಲೇ ಉಳಿದಿರುತ್ತದೆ, ಹಲವರ ಹೆಸರು ಇನ್ನೂ ತವರು ಜಿಲ್ಲೆಯ ಪಟ್ಟಿಯಲ್ಲಿರುತ್ತದೆ.

ಅಂಚಿನವರಿಗೆ ನಿಜವಾಗಿ ಬೇಕಾದ ಚುನಾವಣೆಯೇ ವರ್ಷಗಟ್ಟಲೆ ನಡೆಯಲಿಲ್ಲ. ಬಿಬಿಎಂಪಿಯ 198 ವಾರ್ಡ್‌ಗಳಿಗೆ ಕೊನೆಯ ಬಾರಿ ಮತದಾನವಾದದ್ದು 2015ರ ಆಗಸ್ಟ್‌ನಲ್ಲಿ. ಆಗ ಬಿಜೆಪಿ 100 ಸ್ಥಾನ ಗೆದ್ದರೂ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಮೇಯರ್ ಪಟ್ಟ ಹಿಡಿದವು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಸಂವಿಧಾನ ಹೇಳುವುದು ಐದು ವರ್ಷಕ್ಕೊಮ್ಮೆ ಚುನಾವಣೆ ಎಂದು. ಆಮೇಲೆ ಬಂದದ್ದು ಆಡಳಿತಾಧಿಕಾರಿ. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದುಹೋದವು, ಬಿಬಿಎಂಪಿಯೇ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಬಂದವು. 2025 ಮುಗಿದರೂ ಅಂಚಿನವರು ಕಾರ್ಪೊರೇಟರ್‌ನನ್ನು ಆರಿಸಿರಲಿಲ್ಲ. ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗಿದಾಗ ಕೇಳಲು ಶಾಸಕನೊಬ್ಬನೇ ಉಳಿದ. ಶಾಸಕರ ಹಿಡಿತ ಇಷ್ಟು ಬಿಗಿಯಾಗಿರುವುದಕ್ಕೆ ಇದೂ ಕಾರಣ.

ಅಂಚಿನಲ್ಲಿ ಬದುಕುವ ಓದುಗರೇ, ಮತದಾರರ ಪಟ್ಟಿಯಲ್ಲಿನ ನಿಮ್ಮ ಹೆಸರನ್ನು ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳಿ. ವಾರ್ಡ್ ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯಲೇಬೇಕೆಂದು ನಿಮ್ಮ ಶಾಸಕರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಕೇಳುತ್ತಿರಿ.